ಕಣಕ್ಕೆ ಬಂದವರ ಕೂಲಿ

ನಮ್ಮ ಬಚ್ಚಲ ಮುಂದೆ ಒಂದು ಹಲಗೆ ಇದೆ. ಅದರ ಮೇಲೆ ನಿಂತು ಕಾಲು ತೊಳೆದುಕೊಳ್ಳುತ್ತೇವೆ. ಗಟ್ಟಿ ಮರ. ಇಷ್ಟು ವರ್ಷ ನೀರು ಕುಡಿದರೂ ಸೀಳು ಬಿಟ್ಟಿಲ್ಲ. ಮೊನ್ನೆ ಬಚ್ಚಲು ಉಜ್ಜುವಾಗ ಅದನ್ನು ಎತ್ತಿ ಗೋಡೆಗೆ ಆನಿಸಿದ್ದೆ. ಅಡಿಯ ಮಗ್ಗುಲು ಬಿಸಿಲಿಗೆ ಬಂದು ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ ಕಂಡವು. ನಾನು ಓದಿದ್ದು ಎರಡನೇ ಕ್ಲಾಸು. ಒತ್ತಕ್ಷರ ಬಂದರೆ ಈಗಲೂ ಎತ್ತು ಹಳ್ಳ ಕಂಡು ನಿಂತ ಹಾಗೆ ನಿಂತುಬಿಡುತ್ತೇನೆ. ಆದರೂ ಬಿಡದೆ ಓದಿದೆ. ‘ಪಾರಂಪರಿಕ ಕೃಷಿ ಭೂಮಿ. ನೋಡಿ ಆನಂದಿಸಿ. ತುಳಿಯಬೇಡಿ.’

ನಗು ಬಂತು. ಮನೆಮಂದಿಯೆಲ್ಲ ದಿನಾ ತುಳಿಯುವ ಹಲಗೆ ಹೊಟ್ಟೆಯಲ್ಲಿ ಇಂಥ ಮಾತು ಇಟ್ಟುಕೊಂಡು ಮಲಗಿದೆ.

ಅದು ಒಂದು ಕಾಲಕ್ಕೆ ನಮ್ಮ ಹೊಲದ ಬದುವಿನ ಮೇಲೆ ಎರಡು ಕಂಬದ ಮಧ್ಯೆ ನಿಂತಿತ್ತು. ಆ ಸುದ್ದಿ ಹೇಳುತ್ತೇನೆ. ಕೇಳದಿದ್ದರೂ ನಿಮಗೆ ನಷ್ಟವಿಲ್ಲ. ಆದರೆ ನೀವೂ ಪುಸ್ತಕ ಬಿಚ್ಚಿಕೊಂಡು ಕೂತಿದ್ದೀರಿ, ನನಗೂ ಅವರೆಕಾಯಿ ಸುಲಿದು ಮುಗಿದಿದೆ.

ನಮ್ಮೂರು ಮೂಡಲಪಾಳ್ಯಕ್ಕೂ ನಾಗರಬಾವಿಗೂ ನಡುವೆ. ಮೂಡಲ ಕಡೆಯಿಂದ ವಿಜಯನಗರ ಬೆಳೆದು ಬೆಳೆದು ನಮ್ಮ ತಿಪ್ಪೆಯವರೆಗೆ ಬಂದಿದೆ. ಪಡುವಲಕ್ಕೆ ಜ್ಞಾನಭಾರತಿಯ ಮರಗಳು. ನಡುವೆ ಒಂದು ಕೆರೆ, ಕೆರೆಯ ಕೆಳಗೆ ಒಂದು ಬಯಲು, ಬಯಲಿಗೂ ಬಡಾವಣೆಗೂ ಮಧ್ಯೆ ಒಂದು ರಸ್ತೆ. ಆ ಬಯಲಿನಲ್ಲಿ ಊರಿನ ಎಲ್ಲರಿಗೂ ತುಂಡು ತುಂಡು ಹೊಲ ಉಂಟು. ನನ್ನ ಗಂಡ ಹೋದ ಮೇಲೆ ನಮ್ಮ ತುಂಡನ್ನು ನಾನೇ ಮಾಡಿಸುತ್ತಿದ್ದೆ. ಪಕ್ಕದ ತುಂಡು ನನ್ನ ಮೈದುನ ತಿಮ್ಮಯ್ಯನದು. ಅವನ ಬಾಯಿ ದೊಡ್ಡದು, ನನ್ನದು ಅದಕ್ಕಿಂತ ದೊಡ್ಡದು. ಅದಕ್ಕೇ ಬದುವಿನ ಜಗಳ ನಮ್ಮಲ್ಲಿ ಬಗೆಹರಿಯದೆ ಉಳಿದಿದ್ದೇ ಇಲ್ಲ. ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು.

ಆಗ ಬಣ್ಣದ ಟೀವಿ ಬಂದ ಹೊಸದು. ಭಾನುವಾರ ಬೆಳಿಗ್ಗೆ ಟೀವಿ ಶುರುವಾಗುವ ಮುಂಚೆ ಬಡಾವಣೆಯ ಜನ ನಮ್ಮ ಬಯಲಿಗೆ ವಾಕಿಂಗು ಬರುವ ಅಭ್ಯಾಸ ಮಾಡಿಕೊಂಡರು. ಕ್ಯಾನ್ವಾಸ್ ಬೂಟು, ಕುತ್ತಿಗೆಗೆ ಮಫ್ಲರು. ನಾವು ಹೊಲಕ್ಕೆ ಹೋದರೆ ಕೆಲಸಕ್ಕೆ. ಇವರು ಬರುವುದು ಸುಮ್ಮನೆ ಬಂದು ಸುಮ್ಮನೆ ವಾಪಸ್ಸು ಹೋಗಲಿಕ್ಕೆ. ಇದು ಮೊದಮೊದಲು ನನಗೆ ತಿಳಿಯುತ್ತಲೇ ಇರಲಿಲ್ಲ. ಯಾರದಾದರೂ ಎಮ್ಮೆ ತಪ್ಪಿಸಿಕೊಂಡಿದೆಯೇನೋ, ಹುಡುಕುತ್ತಿದ್ದಾರೆ ಅಂದುಕೊಂಡಿದ್ದೆ.

ಅವರು ಬರುತ್ತಿದ್ದದ್ದು ಹೂವಿಗೆ. ರಾಗಿ ಹೊಲದಲ್ಲಿ ನಾವು ಬರೀ ರಾಗಿ ಹಾಕುವುದಿಲ್ಲ. ಅಷ್ಟು ಸಾಲು ರಾಗಿ, ಮಧ್ಯೆ ಒಂದು ಸಾಲು ಅವರೆ, ಜೋಳ, ಹುಚ್ಚೆಳ್ಳು. ಅದಕ್ಕೆ ಅಕ್ಕಡಿ ಸಾಲು ಅಂತೀವಿ. ಒಂದು ಕೈಕೊಟ್ಟರೆ ಇನ್ನೊಂದು ಹೊಟ್ಟೆಗೆ ಆಗುತ್ತದೆ ಅನ್ನುವ ಲೆಕ್ಕ, ಚೆಂದಕ್ಕಲ್ಲ. ಆದರೆ ದೀಪಾವಳಿ ಹೊತ್ತಿಗೆ ಹುಚ್ಚೆಳ್ಳು ಹೂ ಬಿಟ್ಟರೆ ಕೆರೆ ಏರಿ ಮೇಲಿಂದ ನೋಡಿದವರಿಗೆ ಬಯಲಿನ ತುಂಬ ಅರಿಶಿನದ ಗೆರೆ ಎಳೆದ ಹಾಗೆ ಕಾಣುತ್ತದೆ. ನಾನು ಏರಿಯ ಮೇಲೆ ನಿಂತು ನೋಡಿದವಳಲ್ಲ. ಬಗ್ಗಿ ಕಳೆ ಕೀಳುವವಳಿಗೆ ಹುಚ್ಚೆಳ್ಳು ಕಾಣುವುದು ಸೊಂಟದ ಮಟ್ಟದಲ್ಲಿ.

ಬಸವೇಶ್ವರನಗರದಿಂದ ಬಂದ ಒಬ್ಬ ಹೆಂಗಸು ಒಂದು ದಿನ ಕೇಳಿದಳು, “ಆಂಟಿ, ಈ ಹೂವಿನ ಗಿಡ ಯಾವ ನರ್ಸರಿಯಲ್ಲಿ ಸಿಗುತ್ತೆ?”

“ನಮ್ಮ ಅಡುಗೆಮನೇಲಿ ಸಿಗುತ್ತೆ ಕಣಮ್ಮ,” ಅಂದೆ. “ಹುರಿದು, ಬೆಳ್ಳುಳ್ಳಿ ಮೆಣಸಿನಕಾಯಿ ಹಾಕಿ ಕುಟ್ಟಿದ್ರೆ ಚಟ್ನಿಪುಡಿ.”

ಅವಳು ಗಿಡದ ಮುಖ ನೋಡಿದಳು, ನನ್ನ ಮುಖ ನೋಡಿದಳು. ಯಾರನ್ನು ನಂಬಬೇಕೋ ತಿಳಿಯಲಿಲ್ಲ.

ಈ ವಾಕಿಂಗಿನವರ ಮುಂದಾಳು ಅನಂತಯ್ಯ ಮೇಷ್ಟ್ರು. ವಿಜಯನಗರದಲ್ಲಿ ಮನೆ, ಕಾಲೇಜಿನಲ್ಲಿ ಪಾಠ. ಒಳ್ಳೆಯ ಮನುಷ್ಯ. ಮಾತಾಡುವಾಗ ಎರಡೂ ಕೈಯಲ್ಲಿ ಗಾಳಿಯನ್ನು ಹಿಟ್ಟಿನ ಹಾಗೆ ನಾದುತ್ತಿದ್ದರು. ಒಂದು ಭಾನುವಾರ ಊರಿನವರನ್ನೆಲ್ಲ ಅರಳೀಕಟ್ಟೆಗೆ ಕರೆದು, ಬಡಾವಣೆ ಮಾಡುವ ಆಫೀಸಿನವರು ನಮ್ಮ ಬಯಲನ್ನೂ ಸೈಟು ಮಾಡಲಿಕ್ಕೆ ನಕ್ಷೆಯಲ್ಲಿ ಗೆರೆ ಹಾಕುತ್ತಿದ್ದಾರೆ ಅಂತ ಹೇಳಿದರು.

“ಊರೂರೇ ಸೈಟಾಗ್ತಾ ಐತೆ ಮೇಷ್ಟ್ರೇ, ನಮ್ಮದನ್ನ ಯಾಕೆ ಬಿಟ್ಟಾರು?” ಅಂದ ತಿಮ್ಮಯ್ಯ.

“ಬಿಡುವ ಹಾಗೆ ಮಾಡೋಣ,” ಅಂದರು ಮೇಷ್ಟ್ರು. “ಇಷ್ಟು ಚೆಂದದ ಬಯಲು ಬೆಂಗಳೂರಿನ ಈ ಕಡೆ ಇನ್ನೆಲ್ಲಿದೆ? ಸ್ಕೂಲು ಮಕ್ಕಳು ಬಂದು ನೋಡಲಿ, ಜನ ಬಂದು ನೋಡಲಿ. ನೀವು ಬೇಸಾಯ ಮಾಡಿಕೊಂಡೇ ಇರಿ. ಇದು ಪಾರಂಪರಿಕ ಭೂಮಿ ಅಂತ ಉಳಿಸಿಕೊಳ್ಳೋಣ. ಆಫೀಸಿನ ಸಾಹೇಬರೊಬ್ಬರು ನೋಡಲಿಕ್ಕೆ ಬರ್ತೀನಿ ಅಂದಿದ್ದಾರೆ. ಅವರು ನೋಡಿ ಒಪ್ಪಿ ವರದಿ ಬರೆದರೆ ಗೆರೆ ರಸ್ತೆಯ ಆಚೆಗೇ ನಿಲ್ಲುತ್ತೆ.”

“ಪಾರಂಪರಿಕ ಅಂದ್ರೆ ಏನು ಸಾರ್?” ಯಾರೋ ಕೇಳಿದರು.

ಮೇಷ್ಟ್ರು ಕೈ ನಾದಲು ಶುರು ಮಾಡುವ ಮುಂಚೆ ತಿಮ್ಮಯ್ಯನೇ ಹೇಳಿದ, “ನಮ್ಮಪ್ಪ ಹೆಂಗೆ ಬಡವನಾಗಿದ್ನೋ ನಾವೂ ಹಂಗೇ ಇರ್ಬೇಕು ಅಂತ.”

ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ನಾನು ನಗಲಿಲ್ಲ. ನನಗೆ ಒಂದೇ ಯೋಚನೆ. ಮದುವೆಯಾಗಿ ಬಂದಾಗಿನಿಂದ ನಾನು ಅಂಗಡಿಯಿಂದ ರಾಗಿ ತಂದವಳಲ್ಲ. ಅಕ್ಕಿ ತಂದಿದ್ದೇನೆ, ಎಣ್ಣೆ ತಂದಿದ್ದೇನೆ. ಆದರೆ ಮುದ್ದೆ ನಮ್ಮ ಹೊಲದ್ದು. ಆ ಹೊಲ ಹೋದರೆ ನಾನೂ ಚೀಲ ಹಿಡಿದುಕೊಂಡು ರೇಷನ್ ಸೊಸೈಟಿ ಮುಂದೆ ನಿಂತು, ಯಾರ ಹೊಲದ್ದೋ ಎಂದಿನದೋ ಹುಳ ಬಿದ್ದ ರಾಗಿಗೆ ಕೈಯೊಡ್ಡಬೇಕು. ಸತ್ತವರ ಮೇಲೆ ನಾನು ಬಹಳ ಅತ್ತವಳಲ್ಲ. ಇದನ್ನು ನೆನೆದಾಗ ಮಾತ್ರ ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡೆ. ನಮ್ಮ ಕಡೆಯಿಂದ ಏನು ಬೇಕೋ ಮಾಡ್ತೀವಿ ಮೇಷ್ಟ್ರೇ ಅಂದೆ.

ಮುಂದಿನ ವಾರವೇ ಆ ಹಲಗೆ ಬಂತು. ಬಡಾವಣೆಯವರೇ ಬಣ್ಣ ಹೊಡೆದು, ಬರೆದು, ಸೈಕಲ್ಲಿನ ಮೇಲೆ ಹೊತ್ತು ತಂದು ನನ್ನ ಬದುವಿನ ಮೇಲೆ ನೆಟ್ಟರು. ನಮ್ಮ ಊರಿನ ಮೇಕೆಗಳಿಗೆ ಮೈ ಉಜ್ಜಿಕೊಳ್ಳಲಿಕ್ಕೆ ಒಳ್ಳೆಯ ಕಂಬ ಸಿಕ್ಕಿತು. ಆಮೇಲೊಂದು ದಿನ ಗಾಳಿಗೆ ಕಂಬ ಉರುಳಿ ಹಲಗೆ ನಮ್ಮ ಬಚ್ಚಲಿಗೆ ಬಂತು. ಹಲಗೆಯ ಕಥೆ ಅಷ್ಟೇ. ಉಳಿದದ್ದು ರಾಗಿಯ ಕಥೆ.

ಸಾಹೇಬರು ದೀಪಾವಳಿ ಮುಗಿದ ಮೇಲೆ ಬರುತ್ತೇನೆ ಅಂದವರು ಬರಲಿಲ್ಲ. ಮುಂದಿನ ವಾರ ಅಂದರು, ಬರಲಿಲ್ಲ. ಅಷ್ಟರಲ್ಲಿ ಹುಚ್ಚೆಳ್ಳು ಹೂವು ಉದುರಿ ಕಾಯಿ ಕಟ್ಟಿತು. ರಾಗಿ ತೆನೆ ಕಂದು ಬಣ್ಣಕ್ಕೆ ತಿರುಗಿತು. ನಾನು ಕುಡುಗೋಲು ಮಸೆಯುತ್ತಾ ಕೂತಿದ್ದಾಗ ಮೇಷ್ಟ್ರು ಓಡಿ ಬಂದರು.

“ಲಕ್ಕಮ್ಮನವರೇ, ಸ್ವಲ್ಪ ತಡೀರಿ. ಸಾಹೇಬರು ಬಂದು ನೋಡೋವರೆಗೆ ಕೊಯ್ಯಬೇಡಿ.”

“ರಾಗಿಗೆ ಸಾಹೇಬ್ರು ಗೊತ್ತಿಲ್ಲ ಮೇಷ್ಟ್ರೇ. ಅದು ಉದುರುತ್ತೆ.”

“ರಸ್ತೆ ಪಕ್ಕದ್ದಾದರೂ ಬಿಡಿ. ಬೋಳು ಹೊಲ ತೋರಿಸಿ ಏನು ಅಂತ ಹೇಳಲಿ ನಾನು?”

“ಕಾಳು ನೆಲಕ್ಕೆ ಬಿಟ್ಟು ಹೊಲ ಉಳಿಸಿಕೊಂಡು ನಾನೇನು ಅದರ ಫೋಟೋ ತಿನ್ಲಾ?”

ಪಾಪ, ಮುಖ ಸಣ್ಣದು ಮಾಡಿಕೊಂಡು ಹೋದರು. ನಾನು ಕೊಯ್ದೆ. ನನ್ನನ್ನು ನೋಡಿ ತಿಮ್ಮಯ್ಯ ಕೊಯ್ದ, ಅವನನ್ನು ನೋಡಿ ಊರೆಲ್ಲ ಕೊಯ್ದರು. ಹೊರೆ ಕಟ್ಟಿ ಮೆದೆ ಹಾಕಿದೆವು. “ಸೈಟು ಬಂದ ಮೇಲೆ ಆ ಕುಡುಗೋಲಿಗೆ ಅರಿಶಿನ ಕುಂಕುಮ ಹಚ್ಚಿ ಗೂಡಲ್ಲಿ ಇಟ್ಕೋ ಅತ್ಗೆ,” ಅಂತ ತಿಮ್ಮಯ್ಯ ಚುಚ್ಚಿದ. ಅವನು ಕೊಯ್ಯುತ್ತಲೇ ಚುಚ್ಚಿದ. ನಾನು ಕೊಯ್ಯುತ್ತಲೇ ಕೇಳಿಸಿಕೊಂಡೆ. ಆದರೆ ಸುಳ್ಳು ಯಾಕೆ ಹೇಳಲಿ, ಮೇಷ್ಟ್ರು ಅಂದ ಬೋಳು ಹೊಲದ ಮಾತು ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಕೂತಿತ್ತು.

ಸಂಕ್ರಾಂತಿ ಕಳೆದ ಮೇಲೆ ಕಣ. ಕಣ ಅಂದರೆ ಏನು ಅಂತ ಬಡಾವಣೆಯ ಹೊಸ ಮಕ್ಕಳಿಗೆ ಗೊತ್ತಿಲ್ಲ, ಅದಕ್ಕೆ ಹೇಳುತ್ತೇನೆ. ರಾಗಿ ಬಡಿದು, ಎತ್ತು ಕಟ್ಟಿ ಕಲ್ಲಿನ ಗುಂಡು ಹೊಡೆದು, ತೂರಿ ರಾಶಿ ಮಾಡುವ ಅಂಗಳ. ಸಮ ನೆಲ ಕೆತ್ತಿ, ನೀರು ಚೆಲ್ಲಿ, ದನ ತುಳಿಸಿ, ಗಟ್ಟಿಯಾದ ಮೇಲೆ ಸಗಣಿ ಬಗ್ಗಡದಿಂದ ಸಾರಿಸಬೇಕು. ನಮ್ಮವ್ವ ಸಾರಿಸಿದ ಕಣ ಹೇಗಿರುತ್ತಿತ್ತು ಅಂದರೆ ಮುದ್ದೆ ಜಾರಿ ಬಿದ್ದರೂ ಎತ್ತಿ ತಿನ್ನಬಹುದಿತ್ತು. ಆಮೇಲೆ ಅದರ ಮೇಲೆ ಯಾರೂ ಚಪ್ಪಲಿ ಕಾಲು ಇಡುವ ಹಾಗಿಲ್ಲ. ಕೋಳಿ ಬಂದರೂ ಅವ್ವ ಮೊದಲು ಅದರ ಕಾಲು ನೋಡುತ್ತಿದ್ದಳು. ನಾನೂ ನನ್ನ ತಂಗಿಯೂ ಒದ್ದೆ ಕಣದ ಮೇಲೆ ಓಡಿ ಹೆಜ್ಜೆ ಮೂಡಿಸಿ, ಪೊರಕೆಯಲ್ಲಿ ಹೊಡೆಸಿಕೊಂಡಿದ್ದೇವೆ. ಹೊಡೆದು ಮುಗಿಸಿ ಅವ್ವ ಇನ್ನೊಮ್ಮೆ ಸಾರಿಸುತ್ತಿದ್ದಳು, ನಾವು ಇನ್ನೊಮ್ಮೆ ಓಡುತ್ತಿದ್ದೆವು. ತೂರುವಾಗ ಹೊಟ್ಟಿನ ಗುಡ್ಡೆಯಲ್ಲಿ ಬಿದ್ದು ಹೊರಳಿ, ಮೈಯೆಲ್ಲ ತುರಿಸಿಕೊಂಡು, ಬಚ್ಚಲಲ್ಲಿ ಹುಣಿಸೇಹಣ್ಣು ಹಾಕಿ ಉಜ್ಜಿಸಿಕೊಂಡರೂ ಬುದ್ಧಿ ಬರುತ್ತಿರಲಿಲ್ಲ. ನನಗೆ ಬಹಳ ಬುದ್ಧಿ ಬಂದದ್ದು ಯಾವತ್ತೂ ಇಲ್ಲ, ಬಿಡಿ.

ಕಣಕ್ಕೆ ಇನ್ನೊಂದು ಕಟ್ಟು ಉಂಟು. ರಾಶಿಯಾದ ಹೊತ್ತಿಗೆ ಕಣದಲ್ಲಿ ಯಾರಿದ್ದರೂ ಅವರಿಗೆ ಒಂದೊಂದು ಮೊರ ರಾಗಿ ಕೊಡಬೇಕು. ದಾಸಯ್ಯ ಇರಲಿ, ದಾರಿಹೋಕ ಇರಲಿ, ಆಗದವನೇ ಇರಲಿ. ಎಲ್ಲರ ಮೊರ ಸಂದ ಮೇಲೇ ರಾಶಿ ಅಳೆದು ಚೀಲಕ್ಕೆ ತುಂಬುವುದು. ಒಬ್ಬನೇ ಒಬ್ಬ ಬರಿಗೈಯಲ್ಲಿ ಹೋದರೂ ಮುಂದಿನ ವರ್ಷ ಆ ಕಣ ಬರಿದಾಗುತ್ತದೆ ಅಂತ ಮಾತು. ಇದು ನಂಬಿಕೆಯೋ, ಇಲ್ಲ ಹಟವೋ, ನಾನು ಕೇಳಲಿಕ್ಕೆ ಹೋಗಿಲ್ಲ.

ಆ ದಿನ ನಮ್ಮದೂ ತಿಮ್ಮಯ್ಯನದೂ ಒಟ್ಟಿಗೆ ತೂರಿ, ರಾಶಿ ಮಾಡಿ, ಮೇಲೆ ಗರಿಕೆ ಸಿಕ್ಕಿಸಿದ ಸಗಣಿ ಬೆನಕನನ್ನು ಇಟ್ಟಿದ್ದೆವು. ಕಣದ ಅಂಚಿನಲ್ಲಿ ಕಡೆಗೆ ಗುಡಿಸಿದ ಒಂದಿಷ್ಟು ಮಾತ್ರ ತೂರದೆ ಉಳಿದಿತ್ತು. ಬಿಸಿಲು ಇಳಿಯುತ್ತಿತ್ತು. ಇಬ್ಬನಿ ಬೀಳುವುದರೊಳಗೆ ಚೀಲಕ್ಕೆ ತುಂಬಬೇಕು ಅಂತ ನಾನು ಬಾಯಿ ಮಾಡುತ್ತಿದ್ದೆ. ಅಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ಪ್ಯಾಂಟು ಹಾಕಿದ ಒಬ್ಬ ಮನುಷ್ಯ ಇಳಿದು, ಹೊಳೆಯುವ ಬೂಟಿನಲ್ಲಿ ಸೀದಾ ಕಣದೊಳಕ್ಕೆ ಬಂದ. ಸೈಟಿನ ಬ್ರೋಕರು ಅಂದುಕೊಂಡೆ. ಆಗ ದಿನ ಬಿಟ್ಟು ದಿನ ಒಬ್ಬ ಬರುತ್ತಿದ್ದ.

“ಏಯ್, ಯಾರಯ್ಯ ಅದು! ಕಣ್ಣಿಲ್ವಾ? ಬೂಟು ಬಿಚ್ಚು ಮೊದಲು! ನಾವೇನೂ ಮಾರಲ್ಲ, ಹೋಗು!”

ಆ ಮನುಷ್ಯ ಒಂದು ಕಾಲು ಎತ್ತಿಕೊಂಡು ಕೊಕ್ಕರೆಯ ಹಾಗೆ ನಿಂತುಬಿಟ್ಟ. ಜೀಪಿನ ಇನ್ನೊಂದು ಕಡೆಯಿಂದ ಮೇಷ್ಟ್ರು ಇಳಿದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

“ಲಕ್ಕಮ್ಮನವರೇ... ಇವರು... ಸಾಹೇಬರು.”

ಆಗ ನಾನು ಏನು ಮಾಡಬೇಕಿತ್ತು? ಬೈದದ್ದು ಬೈದಾಗಿತ್ತು. “ಸಾಹೇಬ್ರಾದ್ರೂ ಬೂಟು ಬೂಟೇ ಅಲ್ವಾ ಸಾರ್,” ಅಂದೆ, ದನಿ ಇಳಿಸಿ.

ಸಾಹೇಬರು ಕಣದ ಹೊರಗೆ ಹೋಗಿ ಬೂಟು, ಕಾಲುಚೀಲ ಎರಡೂ ಬಿಚ್ಚಿ ಬಂದರು. ಕೊಯ್ದ ಪೈರಿನ ಕೂಳೆ ಚುಚ್ಚಿ ಹಾ, ಹೂ ಅನ್ನುತ್ತಾ ಬಂದರು. ಪಾದ ಬಾಣಂತಿಯ ಪಾದದ ಹಾಗೆ ಮೆತ್ತಗಿತ್ತು. ಬಂದು ನಿಂತು ಬಯಲನ್ನೆಲ್ಲ ನೋಡಿದರು. ನೋಡಲಿಕ್ಕೆ ಏನಿತ್ತು? ಕೂಳೆ, ಮೇಕೆ, ಧೂಳು.

“ಎಲ್ಲಿ ಮೇಷ್ಟ್ರೇ, ಬಯಲ ತುಂಬ ಹಳದಿ ಹೂವು ಅಂದಿದ್ರಿ?”

“ಅದು... ಹೂವಿನ ಕಾಲ ಮುಗೀತು ಸಾರ್.”

“ಹೋಗಲಿ, ಪೈರು?”

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ರಾಶಿ ಕಡೆ ತೋರಿಸಿದೆ. ಸಾಹೇಬರು ‘ಹೂಂ’ ಅಂದರು. ಅದು ಒಳ್ಳೆಯ ಹೂಂ ಅಲ್ಲ. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ‘ಹೇಳಿ ಕಳಿಸ್ತೀವಿ’ ಅನ್ನುವ ಮುಂಚೆ ಅನ್ನುವ ಹೂಂ. ಅಲ್ಲಿಗೆ ನಮ್ಮ ಹೊಲ ಹೋಯಿತು ಅಂದುಕೊಂಡೆ. ಸೊಸೈಟಿ ಮುಂದಿನ ಸಾಲು ಕಣ್ಣ ಮುಂದೆ ಬಂತು.

ಹೊಲ ಹೋದರೆ ಹೋಗಲಿ, ಕಣದ ಕಟ್ಟು ಬಿಡಲಿಕ್ಕಾಗುತ್ತದೆಯೇ? ಮೊರ ತೆಗೆದುಕೊಂಡು ತುಂಬಿಸಿದೆ. ಮೊದಲು ಜೀಪಿನ ಡ್ರೈವರ್‌ಗೆ ಹಿಡಿದೆ. ಅವನು ಟವೆಲ್ಲು ಹಾಸಿಯೇ ನಿಂತಿದ್ದ. “ಹಾಕವ್ವಾ, ನಾನೇನು ವರದಿ ಬರೆಯೋನಲ್ಲ,” ಅಂದ. ಮೇಷ್ಟ್ರಿಗೆ ಕೊಟ್ಟೆ, ಜೋಳಿಗೆಯಲ್ಲಿ ಹಾಕಿಸಿಕೊಂಡರು. ಮೂರನೆಯದು ಸಾಹೇಬರ ಮುಂದೆ ಹಿಡಿದರೆ, ಹಾವು ಕಂಡವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು.

“ಬೇಡಮ್ಮ. ನಾನು ಏನೂ ತಗೊಳ್ಳೋ ಹಾಗಿಲ್ಲ. ಈ ಜಾಗದ ಮೇಲೆ ನಾನೇ ಬರೀಬೇಕು. ತಗೊಂಡ್ರೆ ಲಂಚ ಆಗುತ್ತೆ.”

“ಲಂಚ ಕೊಡೋ ತಾಕತ್ತು ನಮಗೆಲ್ಲಿ ಸಾರ್? ಇದು ಕಣದ ಮೊರ.”

“ಯಾವ ಮೊರ ಆದ್ರೂ ಅಷ್ಟೇ.”

“ನೀವು ತಗೊಳ್ದೆ ಹೋದ್ರೆ ನಾವು ರಾಶಿ ಎತ್ತೋ ಹಂಗಿಲ್ಲ. ಇಬ್ಬನಿ ಬೀಳುತ್ತೆ.”

“ನನಗೋಸ್ಕರ ಕಾಯಬೇಡಿ, ಎತ್ತಿ.”

“ಎತ್ತಲ್ಲ.”

ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಂದು, “ಬಿಟ್ಟುಬಿಡಿ ಲಕ್ಕಮ್ಮನವರೇ, ಕೆಲಸ ಕೆಡುತ್ತೆ,” ಅಂದರು. ತಿಮ್ಮಯ್ಯ ಖಾಲಿ ಚೀಲ ಹೆಗಲ ಮೇಲೆ ಹಾಕಿಕೊಂಡು, “ಇವತ್ತು ಸಾಹೇಬ್ರೂ ಹೋಗಲ್ಲ, ರಾಗಿನೂ ಹೋಗಲ್ಲ. ಎಲ್ರಿಗೂ ಇಲ್ಲೇ ಚಾಪೆ ಹಾಸ್ಬಿಡು ಅತ್ಗೆ,” ಅಂದ. ನನ್ನ ತೋಳು ನೋಯುತ್ತಿತ್ತು. ತುಂಬಿದ ಮೊರ ಎಷ್ಟು ಹೊತ್ತು ಅಂತ ಹಿಡಿಯುವುದು? ಆದರೆ ಇಳಿಸಿದರೆ ಸೋತ ಹಾಗೆ. ಸಾಹೇಬರೂ ಹೋಗಲಾರದೆ ನಿಂತಿದ್ದರು. ಬೂಟು ಇದ್ದದ್ದು ನನ್ನ ಬೆನ್ನ ಹಿಂದೆ.

ಆಗ ಮೇಷ್ಟ್ರಿಗೆ ಹೊಳೆಯಿತು. ಅವರ ಕೈ ಗಾಳಿ ನಾದುವುದನ್ನು ನಿಲ್ಲಿಸಿದ್ದನ್ನು ನಾನು ಕಂಡದ್ದು ಅವತ್ತೇ.

“ಸಾರ್, ಕೂಲಿ ಲಂಚ ಅಲ್ಲ ಅಲ್ವಾ?”

“ಯಾವ ಕೂಲಿ?”

“ಅಲ್ಲಿ ನೋಡಿ, ತೂರೋದು ಇನ್ನೂ ಸ್ವಲ್ಪ ಉಳಿದಿದೆ. ನೀವು ತೂರಿ. ಕೆಲಸ ಮಾಡಿದವರಿಗೆ ಕಾಳು ಕೊಡೋದು ಇವರ ಪದ್ಧತಿ. ಅದನ್ನ ಯಾರೂ ಲಂಚ ಅನ್ನಲ್ಲ.”

ಸಾಹೇಬರು ಮೇಷ್ಟ್ರನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಬೆನ್ನ ಹಿಂದಿನ ಬೂಟನ್ನು ನೋಡಿದರು. ಆಮೇಲೆ ನಕ್ಕುಬಿಟ್ಟರು. ಪ್ಯಾಂಟು ಮೊಣಕಾಲಿಗೆ ಮಡಿಸಿ, ತೂರುವ ಮಣೆ ಹತ್ತಿದರು. ತಿಮ್ಮಯ್ಯ ಮೊರ ತುಂಬಿ ಕೊಟ್ಟ. ಸಾಹೇಬರು ಗಾಳಿಗೆ ಎದುರಾಗಿ ನಿಂತು ಸುರಿದರು. ಹೊಟ್ಟೆಲ್ಲ ಹಿಂದಕ್ಕೆ ಬಂದು ಅವರ ಕಣ್ಣು, ಮೂಗು, ಬಾಯಿ, ಶರ್ಟಿನ ಕಾಲರು ಎಲ್ಲ ಹೊಕ್ಕಿತು.

“ಗಾಳಿ ನೋಡ್ರೀ ಸಾರ್, ಗಾಳಿ! ಆ ಕಡೆ ತಿರುಗಿ!”

ತಿರುಗಿದರು. ಎರಡನೆಯ ಮೊರವನ್ನು ಒಂದೇ ಸಲಕ್ಕೆ ದೊಪ್ಪನೆ ಹಾಕಿದರು. “ಕಸ ಸುರೀತಾ ಇದೀರಾ? ಸಣ್ಣಗೆ ಬಿಡಿ!” ಅಂದೆ. ಮೂರು ನಾಲ್ಕು ಮೊರ ಆಗುವಷ್ಟರಲ್ಲಿ ಕೈ ಅಲ್ಲಾಡಿಸುವುದು ಬಂತು. ಕಾಳು ಒಂದು ಕಡೆ ಕೆಂಪಗೆ ಬಿತ್ತು, ಹೊಟ್ಟು ಒಂದು ಕಡೆ ಹಾರಿತು. ಆಗ ಅವರ ಮುಖ ನೋಡಬೇಕಿತ್ತು. ಪರೀಕ್ಷೆಯಲ್ಲಿ ಪಾಸಾದವರ ಹಾಗೆ ಸುತ್ತ ಎಲ್ಲರನ್ನೂ ನೋಡಿದರು. ಡ್ರೈವರ್ ಚಪ್ಪಾಳೆ ತಟ್ಟಿದ. ಉಳಿದದ್ದನ್ನು ಬೇರೆ ಯಾರಿಗೂ ಬಿಡದೆ ತಾವೇ ತೂರಿ, ಮೈ ತುರಿಸಿಕೊಳ್ಳುತ್ತಾ ಇಳಿದು, ಕರವಸ್ತ್ರ ಬಿಚ್ಚಿ ನನ್ನ ಮುಂದೆ ಒಡ್ಡಿದರು.

ನಾನು ಅರ್ಧ ಮೊರ ಹಾಕಿದೆ.

“ಇಷ್ಟೇನಾ?” ಅಂದರು ಸಾಹೇಬರು. “ಆಗ ತುಂಬಿಸಿ ಹಿಡಿದಿದ್ರಿ?”

“ಆಗ ಕಣಕ್ಕೆ ಬಂದ ನೆಂಟರು ನೀವು. ಈಗ ಕೂಲಿಯವರು. ಮೊದಲನೇ ಮೊರ ಪೂರ್ತಿ ನಿಮ್ಮ ಮೂಗಿಗೇ ಹೋಯ್ತಲ್ಲ?”

ತಿಮ್ಮಯ್ಯ ನಕ್ಕು ನಕ್ಕು ಚೀಲದ ಮೇಲೆ ಕೂತುಬಿಟ್ಟ. ಸಾಹೇಬರು ಗಂಟು ಕಟ್ಟಿಕೊಂಡು, ಬೂಟು ಕೈಯಲ್ಲೇ ಹಿಡಿದು ಜೀಪು ಹತ್ತಿದರು. ನಾವು ರಾಶಿ ಅಳೆದೆವು. ಮೊದಲ ಕೊಳಗಕ್ಕೆ ಒಂದು ಅನ್ನದೆ ‘ಲಾಭ’ ಅಂದೆವು. ಇಬ್ಬನಿಗೆ ಮುಂಚೆ ರಾಗಿ ಮನೆ ಸೇರಿತು.

ಅವರು ಏನು ಬರೆದರೋ ನಾನು ಕಂಡಿಲ್ಲ. ಬೇಸಿಗೆಯಲ್ಲಿ ಸರ್ವೆಯವರು ಬಂದು ಕಲ್ಲು ನೆಟ್ಟರು. ನಾನೂ ತಿಮ್ಮಯ್ಯನೂ ಹೋಗಿ ನೋಡಿದೆವು. ಕಲ್ಲುಗಳೆಲ್ಲ ರಸ್ತೆಯ ಆಚೆಗೇ ಸಾಲಾಗಿ ನಿಂತಿದ್ದವು. ಈಚೆಗೆ ಒಂದೂ ಇರಲಿಲ್ಲ. ಕೆರೆ ಕೆಳಗಿನ ನೆಲ ಜವುಗು, ಮನೆ ಕಟ್ಟಿದರೆ ಗೋಡೆ ತೇವ ಎಳೆಯುತ್ತದೆ, ಅದಕ್ಕೆ ಬಿಟ್ಟಿದ್ದಾರೆ ಅಂತ ತಿಮ್ಮಯ್ಯ ಹೇಳುತ್ತಾನೆ. ತಾವು ಆಮೇಲೆ ಆಫೀಸಿಗೆ ಕಳಿಸಿದ ಹೂವಿನ ಫೋಟೋ ಕೆಲಸ ಮಾಡಿತು ಅಂತ ಮೇಷ್ಟ್ರು. ಮೂಗಿಗೆ ಹೋದ ಹೊಟ್ಟು ಅಂತ ನಾನು. ಯಾವುದಾದರೂ ಇರಲಿ. ಮುಂಗಾರು ಬಂತು, ಬಿತ್ತಿದೆವು. ಸೊಸೈಟಿ ಮುಂದೆ ಸಕ್ಕರೆಗೆ ನಿಂತಿದ್ದೇನೆ, ಸೀಮೆಣ್ಣೆಗೆ ನಿಂತಿದ್ದೇನೆ. ರಾಗಿಗೆ ಇನ್ನೂ ನಿಂತಿಲ್ಲ.

ಆದರೆ ಆ ಸಾಹೇಬರ ಕೂಲಿಯ ಸುದ್ದಿಯನ್ನು ಮೇಷ್ಟ್ರು ಸುಮ್ಮನೆ ಇಟ್ಟುಕೊಳ್ಳಬೇಕಲ್ಲ? ವಿಜಯನಗರದಲ್ಲೆಲ್ಲ ಹೇಳಿಬಿಟ್ಟರು. ಮುಂದಿನ ವರ್ಷದ ಕಣಕ್ಕೆ ಬಂದರು ನೋಡಿ ಜನ! ಹೂವಿನ ಕಾಲಕ್ಕೆ ಬಂದವರ ಎರಡರಷ್ಟು. ನೋಡಿ ಆನಂದಿಸುವುದು ಬಿಟ್ಟು ಎಲ್ಲರಿಗೂ ತೂರಬೇಕು. ಬ್ಯಾಂಕಿನವರು, ಟೈಪಿಂಗಿನವರು, ರಾಜಾಜಿನಗರದ ಫ್ಯಾಕ್ಟರಿಯವರು ಚಪ್ಪಲಿ ಕಳಚಿಟ್ಟು ಸಾಲಾಗಿ ನಿಲ್ಲುತ್ತಾರೆ. ಅರ್ಧ ಜನಕ್ಕೆ ಮೊರ ಹಿಡಿಯಲಿಕ್ಕೆ ಬರುವುದಿಲ್ಲ. ನಾವೇ ಮಾಡಿದರೆ ಮಧ್ಯಾಹ್ನಕ್ಕೆ ಮುಗಿಯುವ ಕೆಲಸ, ಇವರ ಸಹಾಯದಿಂದ ಸಂಜೆಯಾಗುತ್ತದೆ. ಬಾಯಿಗೆ ಬಂದ ಹಾಗೆ ಬೈಯುತ್ತೇನೆ. ಬೈಸಿಕೊಂಡವರು ಮುಂದಿನ ವರ್ಷ ಅಕ್ಕಪಕ್ಕದವರನ್ನೂ ಬೈಸಿಕೊಳ್ಳಲಿಕ್ಕೆ ಕರೆತರುತ್ತಾರೆ. ಎಂಥ ಜನವೋ.

ಈ ವರ್ಷ ಒಬ್ಬಳು ಬ್ಯಾಂಕಿನ ಹೆಂಗಸು ತೂರಿ ಮುಗಿಸಿ, ಕೂದಲ ತುಂಬ ಹೊಟ್ಟು ಮಾಡಿಕೊಂಡು, ಮೊರ ಎದೆಗೆ ಅವುಚಿಕೊಂಡು ಬಯಲು ನೋಡುತ್ತಾ ನಿಂತುಬಿಟ್ಟಳು.

“ಲಕ್ಕಮ್ಮ, ಈ ಬಯಲು ಯಾವಾಗ್ಲೂ ಹೀಗೇ ಇರುತ್ತಾ?”

“ನೀವು ಹಿಂಗೇ ಬಂದು ತೂರ್ತಾ ಇರೋವರೆಗೂ ಇರುತ್ತೆ ಕಣಮ್ಮ,” ಅಂದೆ. “ಈಗ ಮೊರ ಕೊಟ್ಟು ಈ ಕಡೆ ಬಾ. ಹಿಂದೆ ಜನ ಕಾಯ್ತಾ ಅವ್ರೆ, ಗಾಳಿ ನಿಂತು ಹೋಗುತ್ತೆ.”